ಸೋತ ತಂಡದ ಸೂತ್ರಧಾರ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸರಳ ಲೋಲಕದ ಪ್ರಯೋಗ ನಡೆಯುತ್ತಿತ್ತು. ಒಂದು ಮೀಟರ್ ಉದ್ದದ ದಾರಕ್ಕೆ ಲೋಹದ ಗುಂಡನ್ನು ಕಟ್ಟಿ ತೂಗಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ತಗಲುವ ಕಾಲವನ್ನು ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಗಣಿಸುವ ಪ್ರಯೋಗ ಅದು. ಮಿಕ್ಕವರಿಗೆಲ್ಲ 9.8ರ ಆಸುಪಾಸಿನ ಉತ್ತರ ಬಂದರೆ ಒಬ್ಬ ಹುಡುಗನಿಗೆ ಮಾತ್ರ 10.2 ಬಂದಿತು. ಆಂದೋಲನಗಳನ್ನು ಎಣಿಸುವುದರಲ್ಲಿ ಅವನು ಅಜಾಗರೂಕನಾಗಿದ್ದನೆಂದು ನಾನು ತೀರ್ಮಾನಿಸಿ ಅಂಕಗಳನ್ನು ಕಡಿಮೆ ಮಾಡಿದೆನು. ಹುಡುಗ ಏನನ್ನೂ ಹೇಳದೆ ಪುಸ್ತಕವನ್ನು ತೆಗೆದುಕೊಂಡು ಹೋದನು.

ಮುಂದಿನ ವಾರ ಬೇರೊಂದು ಗುಂಪಿನಲ್ಲಿ, ತರಗತಿಗೇ ಎಚ್ಚರಿಕೆಗೆ ಹೆಸರಾದ ಒಬ್ಬ ವಿದ್ಯಾರ್ಥಿನಿಗೂ ಅದೇ 10.2 ಬಂದಾಗ ನನಗೆ ಸಂಶಯ ಹುಟ್ಟಿತು. ವಿಚಾರಿಸಿ ನೋಡಿದರೆ ಇಬ್ಬರೂ ಹಿಡಿದದ್ದು ಒಂದೇ ನಿಲುಗಡಿಯಾರ. ಅದು ನಿಧಾನವಾಗಿ ನಡೆಯುತ್ತಿತ್ತು; ನಿಜವಾದ 40.1 ಸೆಕೆಂಡುಗಳನ್ನು 39.3 ಎಂದು ತೋರಿಸುತ್ತಿತ್ತು. ಹುಡುಗನ ಎಣಿಕೆಯಲ್ಲಿ ದೋಷವಿರಲಿಲ್ಲ. ನನ್ನ ತೀರ್ಪಿನಲ್ಲಿ ಇತ್ತು. ಫಲಿತಾಂಶ ಒಂದನ್ನೇ ನೋಡಿ, ಅದು ಯಾವ ಯಾವ ಕಾರಣಗಳಿಂದ ಹುಟ್ಟಿತೆಂಬುದನ್ನು ಬಿಡಿಸಿ ನೋಡದೆ, ಎದುರಿಗಿದ್ದ ಮನುಷ್ಯನ ತಲೆಗೆ ಎಲ್ಲವನ್ನೂ ಕಟ್ಟಿದ್ದೆನು.

ಈ ತಪ್ಪು ಪ್ರಯೋಗಶಾಲೆಗೆ ಮಾತ್ರ ಸೀಮಿತವಾದುದಲ್ಲ. ಒಂದು ತಂಡ ಪಂದ್ಯವನ್ನು ಸೋತ ದಿನ ಸಂಜೆ ಲಕ್ಷಾಂತರ ಜನ ಇದೇ ತಪ್ಪನ್ನು ಮಾಡುತ್ತಾರೆ. ತಂಡದ ಆಟವನ್ನು ನಡೆಸುವ ಹೊಣೆ ಹೊತ್ತ ಆಟಗಾರನ ಮೇಲೆ ಸೋಲಿನ ಹೊರೆಯೆಲ್ಲ ಬೀಳುತ್ತದೆ. ಅವನ ಆಟವನ್ನು ನ್ಯಾಯವಾಗಿ ಅಳೆಯುವುದು ಸಾಧ್ಯವೆ? ಸಾಧ್ಯವಾದರೆ ಹೇಗೆ? ಈ ಪ್ರಶ್ನೆಗಳನ್ನು ರಗ್ಬಿ ಲೀಗ್ ಎಂಬ ಆಟವನ್ನು ಉದಾಹರಣೆಯಾಗಿಟ್ಟುಕೊಂಡು ಪರಿಶೀಲಿಸೋಣ. ಈ ಆಟದಲ್ಲಿ ಸೂತ್ರಧಾರನ ಪಾತ್ರ ಬಹು ಸ್ಪಷ್ಟವಾಗಿದೆ; ಆದುದರಿಂದ ನಮ್ಮ ವಿಚಾರಕ್ಕೆ ಅದು ಅನುಕೂಲ.

ಆಟದ ಪರಿಚಯ

ರಗ್ಬಿ ಲೀಗ್ ನಮ್ಮ ನಾಡಿನಲ್ಲಿ ಹೆಚ್ಚು ಪ್ರಚಾರದಲ್ಲಿಲ್ಲ. ಇಂಗ್ಲೆಂಡಿನ ಉತ್ತರ ಭಾಗದ ರಗ್ಬಿ ಕ್ಲಬ್ಬುಗಳು, ಆಟಕ್ಕಾಗಿ ಕೂಲಿಯನ್ನು ಕಳೆದುಕೊಂಡ ಕಾರ್ಮಿಕ ಆಟಗಾರರಿಗೆ ಪರಿಹಾರ ಕೊಡಬೇಕೆಂಬ ವಿವಾದದಲ್ಲಿ ಮೂಲ ಸಂಸ್ಥೆಯಿಂದ ಬೇರೆಯಾಗಿ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆ ಸೇರಿ ತಮ್ಮದೇ ಸಂಘವನ್ನು ಸ್ಥಾಪಿಸಿದುವು. ಅಂದಿನಿಂದ ಈ ಆಟ ತನ್ನದೇ ದಾರಿಯಲ್ಲಿ ಬೆಳೆಯಿತು. 1906ರಿಂದ ಪ್ರತಿ ತಂಡಕ್ಕೂ ಹದಿಮೂರು ಆಟಗಾರರು. ಇಂದು ಇದಕ್ಕೆ ಅತಿ ಹೆಚ್ಚು ಅಭಿಮಾನಿಗಳಿರುವ ದೇಶಗಳಲ್ಲಿ ಆಸ್ಟ್ರೇಲಿಯ ಒಂದು.

ಆಟದ ಸಾರ ಹೀಗಿದೆ. ಪಂದ್ಯದ ಅವಧಿ 80 ನಿಮಿಷ. ಚೆಂಡನ್ನು ಹಿಡಿದ ತಂಡ ಎದುರಾಳಿಯ ಗೆರೆಯತ್ತ ನುಗ್ಗುತ್ತದೆ. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವಿದರೆ ಅದು ಒಂದು ಟ್ಯಾಕಲ್. ನಮ್ಮ ಕ್ರಿಕೆಟ್ಟಿನ ಓವರಿನಲ್ಲಿ ಆರು ಎಸೆತಗಳಿರುವಂತೆ ಇಲ್ಲಿ ಒಂದು ಸರದಿಗೆ ಆರು ಟ್ಯಾಕಲ್‌ಗಳು. ಆರನೆಯದಾದೊಡನೆ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ಆದ್ದರಿಂದ ಐದು ಟ್ಯಾಕಲ್‌ಗಳಾದ ಮೇಲೆ ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತಾರೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ. ಅದಕ್ಕೆ 4 ಅಂಕ. ಅನಂತರ ಕಂಬಗಳ ನಡುವೆ ಒದೆದು ಗೋಲು ಮಾಡಿದರೆ ಇನ್ನೂ 2 ಅಂಕ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯಕೂಡದು.

ಈ ಆಟದಲ್ಲಿ ಏಳನೆಯ ಸಂಖ್ಯೆಯ ಅಂಗಿ ತೊಡುವ ಹಾಫ್‌ಬ್ಯಾಕ್ ಮತ್ತು ಆರನೆಯ ಸಂಖ್ಯೆಯ ಫೈವ್-ಎಯ್ತ್ ಎಂಬಿಬ್ಬರು ಸೂತ್ರಧಾರರು. ಮೈಗಟ್ಟಿನ ಮುಂಪಡೆಯವರು ಎದುರಾಳಿಗಳನ್ನು ಢೀ ಹೊಡೆದು ನೆಲವನ್ನು ಗಳಿಸಿಕೊಟ್ಟ ಮೇಲೆ, ಚೆಂಡು ಯಾರಿಗೆ ಹೋಗಬೇಕು, ಎಡಕ್ಕೋ ಬಲಕ್ಕೋ, ಒದೆಯಬೇಕೋ ಓಡಬೇಕೋ ಎಂಬುದನ್ನು ನಿರ್ಧರಿಸುವವರು ಇವರು. ಗೆದ್ದರೆ ಇವರಿಗೆ ಹಾರ. ಸೋತರೆ ಇವರ ಮೇಲೆಯೇ ದೂರು.

ಒಂದು ಸಂಖ್ಯೆಯಲ್ಲಿ ಅಡಗಿದ ಅನೇಕ ಕಾರಣಗಳು

ಭೌತಶಾಸ್ತ್ರದಲ್ಲಿ ನಾವು ಬಲಗಳ ಸಂಕಲನವನ್ನು ಕಲಿತಿದ್ದೇವೆ. ಒಂದು ವಸ್ತುವಿನ ಮೇಲೆ ಹದಿಮೂರು ಬಲಗಳು ಏಕಕಾಲದಲ್ಲಿ ವರ್ತಿಸಿದರೆ ವಸ್ತು ವೇಗೋತ್ಕರ್ಷ ಪಡೆಯುವುದು ಅವುಗಳ ಫಲಿತಬಲದ ದಿಕ್ಕಿನಲ್ಲಿ. ಹದಿಮೂರು ಬಲಗಳು ತಿಳಿದಿದ್ದರೆ ಫಲಿತಬಲವನ್ನು ಗಣಿಸುವುದು ಸುಲಭ. ಆದರೆ ಫಲಿತಬಲ ಮಾತ್ರ ತಿಳಿದಿದ್ದರೆ ಒಂದೊಂದು ಬಲವನ್ನೂ ಕಂಡುಹಿಡಿಯಬಹುದೆ? ಎಂದಿಗೂ ಆಗದು, ಒಂದೇ ಫಲಿತಬಲವನ್ನು ಕೊಡುವ ಬಲಸಮೂಹಗಳು ಅಸಂಖ್ಯಾತವಾಗಿವೆ. ಪಂದ್ಯದ ಅಂಕಪಟ್ಟಿಯೂ ಇಂತಹ ಒಂದು ಫಲಿತಬಲ. ಬದಲಿ ಆಟಗಾರರನ್ನು ಬಿಟ್ಟರೂ ಎರಡು ತಂಡಗಳಿಂದ ಇಪ್ಪತ್ತಾರು ಜನರ ಆಟ, ರೆಫರಿಯ ನಿರ್ಣಯಗಳು, ಗಾಳಿ, ಮಳೆ, ಅಂಡಾಕಾರದ ಚೆಂಡಿನ ಊಹಾತೀತವಾದ ಪುಟಿತ, ಇವೆಲ್ಲ ಅದರಲ್ಲಿ ಬೆರೆತಿವೆ. ಅಂಕಪಟ್ಟಿಯನ್ನು ನೋಡಿ ಒಬ್ಬನ ಆಟವನ್ನು ನಿರ್ಣಯಿಸುವುದು ಬೀಳುವ ವಸ್ತುವನ್ನು ಕಂಡು ಹದಿಮೂರನೆಯ ಬಲ ದುರ್ಬಲವಾಗಿತ್ತೆಂದು ಹೇಳಿದಂತೆ.

ಹಾಗಾದರೆ ಒಬ್ಬನ ಪಾಲನ್ನು ಬೇರ್ಪಡಿಸಲು ಅಂಕಪಟ್ಟಿಯ ಹೊರಗೆ ಏನನ್ನು ನೋಡಬೇಕು? ನಾಲ್ಕು ವಿಷಯಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು: ಯಾವುದಕ್ಕೆ ಸಾಪೇಕ್ಷವಾಗಿ?

ಚೆಂಡನ್ನು ಮುಂದಕ್ಕೆ ಎಸೆಯಕೂಡದೆಂದು ಹೇಳಿದೆನಷ್ಟೆ. ಒಬ್ಬ ಆಟಗಾರ ಸೆಕೆಂಡಿಗೆ 8 ಮೀಟರ್ ವೇಗದಿಂದ ಓಡುತ್ತ, ತನ್ನ ಕೈಗೆ ಸಾಪೇಕ್ಷವಾಗಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಚೆಂಡನ್ನು ಹಿಂದಕ್ಕೆ ಎಸೆದನೆನ್ನಿ. ನೆಲಕ್ಕೆ ಸಾಪೇಕ್ಷವಾಗಿ ಚೆಂಡು ಇನ್ನೂ 5 ಮೀಟರ್ ವೇಗದಿಂದ ಮುಂದಕ್ಕೇ ಹೋಗುತ್ತಿರುತ್ತದೆ. ಅರ್ಧ ಸೆಕೆಂಡಿನಲ್ಲಿ ಅದು ಎರಡೂವರೆ ಮೀಟರ್ ಮುಂದೆ ಸಾಗಿರುತ್ತದೆ. ಎಸೆದವನು ಅಷ್ಟರೊಳಗೆ ನಾಲ್ಕು ಮೀಟರ್ ಮುಂದೆ ಹೋಗಿರುತ್ತಾನೆ. ಇದು ಮುಂದಕ್ಕೆ ಎಸೆದ ಪಾಸೆ? ರಗ್ಬಿ ಲೀಗಿನ ನಿಯಮ ಇದಕ್ಕೆ ಶುದ್ಧ ಭೌತಶಾಸ್ತ್ರದ ಉತ್ತರವನ್ನೇ ಕೊಡುತ್ತದೆ: ಪಾಸಿನ ದಿಕ್ಕನ್ನು ಎಸೆದವನಿಗೆ ಸಾಪೇಕ್ಷವಾಗಿ ನೋಡಬೇಕು, ನೆಲಕ್ಕೆ ಸಾಪೇಕ್ಷವಾಗಿ ಅಲ್ಲ. ಆದುದರಿಂದ ಈ ಪಾಸು ನ್ಯಾಯವಾದುದೇ.

ಚೆಂಡಿಗೆ ಸಲ್ಲಿಸುವ ಈ ನ್ಯಾಯವನ್ನು ನಾವು ಮನುಷ್ಯನಿಗೂ ಸಲ್ಲಿಸಬೇಡವೆ? ಸೂತ್ರಧಾರನ ಆಟವನ್ನೂ ಅವನ ಕಾಲ ಕೆಳಗಿನ ನೆಲೆಗೆ ಸಾಪೇಕ್ಷವಾಗಿ ಅಳೆಯಬೇಕು. ಆ ನೆಲೆಯನ್ನು ಅವನಿಗೆ ಒದಗಿಸುವವರು ಮುಂಪಡೆಯವರು. ಅದರ ಬೆಲೆ ಎಷ್ಟೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಟ್ಯಾಕಲ್ ಆದ ಸ್ಥಳದಿಂದ ರಕ್ಷಕರು 10 ಮೀಟರ್ ಹಿಂದೆ ಸರಿದು ನಿಲ್ಲಬೇಕೆಂಬುದು ಆಟದ ನಿಯಮ. ನಮ್ಮ ಹಾಫ್‌ಬ್ಯಾಕ್ ಆ ಸ್ಥಳದಿಂದ ತನ್ನ ಕಡೆಗೆ 5 ಮೀಟರ್ ಹಿಂದೆ ನಿಂತಿದ್ದಾನೆಂದು ಭಾವಿಸೋಣ. ಅಲ್ಲಿಗೆ ಅವನಿಗೂ ರಕ್ಷಕರಿಗೂ 15 ಮೀಟರ್ ಅಂತರ. ಚೆಂಡು ಅವನ ಕೈಗೆ ಬರಲು 0.6 ಸೆಕೆಂಡು ಬೇಕೆನ್ನೋಣ. ಆ ಹೊತ್ತಿನಲ್ಲಿ ರಕ್ಷಕರು ಸೆಕೆಂಡಿಗೆ 6 ಮೀಟರಿನಂತೆ 3.6 ಮೀಟರ್ ಮುಂದೆ ಬರುತ್ತಾರೆ, ಉಳಿದದ್ದು 11.4 ಮೀಟರ್. ಹಾಫ್‌ಬ್ಯಾಕ್ ಸೆಕೆಂಡಿಗೆ 4 ಮೀಟರಿನಂತೆ ಮುಂದೆ ಓಡುತ್ತಾನೆ. ಇಬ್ಬರೂ ಹತ್ತಿರವಾಗುವ ವೇಗ 10 ಮೀಟರ್. ಆದುದರಿಂದ ಅವನಿಗೆ ದೊರೆಯುವ ಕಾಲ 1.14 ಸೆಕೆಂಡು.

ಈಗ ಮುಂಪಡೆಯವನು ರಕ್ಷಕರನ್ನು ಎಳೆದುಕೊಂಡೇ ಮುಂದೆ ನುಗ್ಗಿ ಬಿದ್ದು ಥಟ್ಟನೆ ಎದ್ದು ಚೆಂಡನ್ನು ಹಿಂದಕ್ಕೆ ಉರುಳಿಸಿದನೆನ್ನಿ. ರಕ್ಷಕರು ಇನ್ನೂ ಹಿಂದೆ ಸರಿಯುತ್ತಲೇ ಇರುತ್ತಾರೆ. ತಮ್ಮ ಗೆರೆಯಿಂದ ಮುನ್ನುಗ್ಗಲು ಅವರಿಗೆ ಅರ್ಧ ಸೆಕೆಂಡು ತಡವಾಗುತ್ತದೆ. ಆಗ ಚೆಂಡು ಹಾಫ್‌ಬ್ಯಾಕಿನ ಕೈ ಸೇರುವ ವೇಳೆಗೆ ಅವರು ಬಂದಿರುವುದು 0.6 ಮೀಟರ್ ಮಾತ್ರ. ಉಳಿದ ಅಂತರ 14.4 ಮೀಟರ್, ದೊರೆಯುವ ಕಾಲ 1.44 ಸೆಕೆಂಡು. ಹೆಚ್ಚಿದ್ದು ಕೇವಲ 0.3 ಸೆಕೆಂಡು ಎನ್ನುವಿರಾ? ಅದು ಮೊದಲಿನ ಕಾಲದ ಕಾಲುಭಾಗಕ್ಕಿಂತ ಹೆಚ್ಚು. ಕಣ್ಣಿಗೆ ಕಂಡ ಸರಳ ಸಂಕೇತಕ್ಕೆ ಮನುಷ್ಯ ಪ್ರತಿಕ್ರಿಯೆ ತೋರಲು ಸುಮಾರು 0.2 ಸೆಕೆಂಡು ಬೇಕು. ಅಂದಮೇಲೆ ಈ 0.3 ಸೆಕೆಂಡು ಇನ್ನೊಮ್ಮೆ ನೋಡಿ ಮನಸ್ಸನ್ನು ಬದಲಿಸಲು ಸಾಕಾಗುವ ಕಾಲ. ಮೇಲಿನ ಅಳತೆಗಳು ನಾನು ಉದಾಹರಣೆಗೆ ಆರಿಸಿಕೊಂಡವು. ಪಂದ್ಯದಿಂದ ಪಂದ್ಯಕ್ಕೆ ಅವು ಬದಲಾಗುತ್ತವೆ. ಆದರೆ ತತ್ತ್ವ ಬದಲಾಗುವುದಿಲ್ಲ. ಮುಂಪಡೆ ಸೋತ ದಿನ ಸೂತ್ರಧಾರನ ಪಾಸು ಅವಸರದ್ದಾಗಿ ಕಾಣುತ್ತದೆ. ಮುಂಪಡೆ ಗೆದ್ದ ದಿನ ಅದೇ ಕೈಗಳು ಮಾಂತ್ರಿಕನ ಕೈಗಳಂತೆ ತೋರುತ್ತವೆ.

ಒದೆತದ ವಿಷಯವೂ ಹೀಗೆಯೇ. ಲಂಬ ದಿಕ್ಕಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗ ಪಡೆದ ಚೆಂಡು, ಗಾಳಿಯ ತಡೆಯನ್ನು ಬಿಟ್ಟರೆ, ಸುಮಾರು 4.1 ಸೆಕೆಂಡು ಆಕಾಶದಲ್ಲಿರುತ್ತದೆ. ಸೆಕೆಂಡಿಗೆ 7 ಮೀಟರ್ ಓಡುವ ಜೊತೆಗಾರ ಅಷ್ಟರಲ್ಲಿ 28 ಮೀಟರಿಗೂ ಹೆಚ್ಚು ದೂರ ಹೋಗಬಲ್ಲ. ಜೊತೆಗಾರರು ಓಡಿದರೆ ಅದು ಒಳ್ಳೆಯ ಒದೆತ. ಅವರು ಆಯಾಸದಿಂದ ನಡೆದುಬಿಟ್ಟರೆ ಅದೇ ಒದೆತ ಎದುರಾಳಿಗೆ ಕೊಟ್ಟ ಉಡುಗೊರೆ. ಚೆಂಡು ಗಾಳಿಯಲ್ಲಿದ್ದ ಕಾಲ ಎರಡು ಸಂದರ್ಭಗಳಲ್ಲೂ ಒಂದೇ.

ಎರಡನೆಯದು: ಆಕಸ್ಮಿಕದ ಪಾಲು

ಅಳತೆಯ ದೋಷಗಳಲ್ಲಿ ಎರಡು ಬಗೆಗಳಿವೆ ಎಂದು ವಿದ್ಯಾರ್ಥಿಗಳು ಓದಿರುತ್ತಾರೆ. ನನ್ನ ನಿಲುಗಡಿಯಾರದ ದೋಷ ವ್ಯವಸ್ಥಿತವಾದುದು. ಅದು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಮತ್ತೊಂದು ಆಕಸ್ಮಿಕ ದೋಷ. ಅದು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಬೀಳುತ್ತದೆ. ಒಂದೇ ಪಂದ್ಯವನ್ನು ನೋಡಿ ತೀರ್ಪು ಕೊಡುವವರು ಈ ಎರಡನೆಯ ದೋಷವನ್ನು ಮರೆಯುತ್ತಾರೆ.

ಒಬ್ಬ ಸೂತ್ರಧಾರ ಗೋಲಿಗೆ ಒದೆಯುವವನೂ ಆಗಿದ್ದು, ನೂರಕ್ಕೆ ಎಂಬತ್ತು ಸಲ ಸಫಲನಾಗುತ್ತಾನೆನ್ನೋಣ. ಒಂದು ಪಂದ್ಯದಲ್ಲಿ ಅವನಿಗೆ ಐದು ಅವಕಾಶಗಳು ದೊರೆತರೆ ಐದೂ ಗೋಲಾಗುವ ಸಂಭಾವ್ಯತೆ 0.8ನ್ನು ಐದು ಸಲ ಗುಣಿಸಿದರೆ ಬರುವ 0.33. ಅಂದರೆ ಮೂರು ಪಂದ್ಯಗಳಿಗೆ ಒಂದರಂತೆ ಅವನು ಪರಿಪೂರ್ಣ. ಇನ್ನು ಐದರಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಗೋಲು ಮಾಡುವ ಸಂಭಾವ್ಯತೆ ಗಣಿಸಿದರೆ 0.058 ಬರುತ್ತದೆ; ಹದಿನೇಳು ಪಂದ್ಯಗಳಿಗೆ ಒಂದು. ಅಂತಹ ದಿನ ಒಂದು ಋತುವಿನಲ್ಲಿ ಒಮ್ಮೆಯಾದರೂ ಬರುವುದು ಸಹಜ. ಆ ದಿನ ಅವನ ಕಾಲು ಸೊಟ್ಟಗಾಗಿರಲಿಲ್ಲ, ಮನಸ್ಸು ಕುಗ್ಗಿರಲಿಲ್ಲ. ಸಾಮರ್ಥ್ಯ ಅದೇ ಎಂಬತ್ತು. ದಾಳ ಬಿದ್ದ ರೀತಿ ಮಾತ್ರ ಬೇರೆ.

ಇದರಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ಬಹಳ ಕೆಟ್ಟ ಪಂದ್ಯದ ಮುಂದಿನ ಪಂದ್ಯ ಸಾಮಾನ್ಯವಾಗಿ ಅದಕ್ಕಿಂತ ಉತ್ತಮವಾಗಿರುತ್ತದೆ. ಬಹಳ ಒಳ್ಳೆಯ ಪಂದ್ಯದ ಮುಂದಿನದು ಸ್ವಲ್ಪ ಸಪ್ಪೆಯಾಗಿರುತ್ತದೆ. ತಂದೆತಾಯಿಗಳ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಪ್ರಕಟಿಸಿದ ಬರಹದಲ್ಲಿ, ಅತಿಗಳು ಸರಾಸರಿಯತ್ತ ಮರಳುವ ಈ ಪ್ರವೃತ್ತಿಯನ್ನು ವಿವರಿಸಿದನು. ಸೋಲಿನ ಮರುದಿನ ತರಬೇತುದಾರ ಗದರಿಸಿದ, ಮುಂದಿನ ವಾರ ಆಟಗಾರ ಚೆನ್ನಾಗಿ ಆಡಿದ ಎಂದಮಾತ್ರಕ್ಕೆ ಗದರಿಕೆಯ ಫಲವೆಂದು ಹೇಳಲಾಗದು. ಗದರಿಸದಿದ್ದರೂ ಬಹುಶಃ ಹಾಗೆಯೇ ಆಗುತ್ತಿತ್ತು. ಮೇಷ್ಟರಾದ ನಾವು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಮೂರನೆಯದು: ಛೇದದಲ್ಲಿರುವ ಸಂಖ್ಯೆ

ಸೋಲಿನ ಮರುದಿನ ಪತ್ರಿಕೆಗಳಲ್ಲಿ ಆಟಗಾರರ ತಪ್ಪುಗಳ ಪಟ್ಟಿ ಬರುತ್ತದೆ. ಸೂತ್ರಧಾರನದು ಮೂರು ತಪ್ಪು, ಅಂಚಿನ ಆಟಗಾರನದು ಎರಡು. ಸೂತ್ರಧಾರನೇ ಕೆಟ್ಟವನೆ? ಭಿನ್ನರಾಶಿಯ ಅಂಶವನ್ನು ಮಾತ್ರ ಓದಿ ಛೇದವನ್ನು ಬಿಟ್ಟವನು ಹಾಗೆನ್ನುತ್ತಾನೆ. ಸೂತ್ರಧಾರ ಅರವತ್ತು ಸಲ ಚೆಂಡನ್ನು ಮುಟ್ಟಿದ್ದರೆ ಅವನ ತಪ್ಪು ನೂರಕ್ಕೆ ಐದು. ಅಂಚಿನವನು ಇಪ್ಪತ್ತು ಸಲ ಮುಟ್ಟಿದ್ದರೆ ಅವನದು ನೂರಕ್ಕೆ ಹತ್ತು. ಹೆಚ್ಚು ಹೊಣೆ ಹೊತ್ತವನ ತಪ್ಪುಗಳ ಎಣಿಕೆ ಹೆಚ್ಚಾಗಿರುವುದು ಸ್ವಾಭಾವಿಕ. ಏನನ್ನೂ ಮಾಡದವನು ಏನನ್ನೂ ಕೆಡಿಸುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಒಂದಿದೆ. ತಪ್ಪುಗಳಿಂದ ಸೋಲು ಹುಟ್ಟುತ್ತದೆಂದು ನಾವು ತಿಳಿಯುತ್ತೇವೆ. ಅನೇಕ ವೇಳೆ ಸೋಲಿನಿಂದಲೇ ತಪ್ಪುಗಳು ಹುಟ್ಟುತ್ತವೆ. ತಂಡ 4 ಅಂಕ ಹಿಂದಿದೆ, ಉಳಿದಿರುವುದು ಒಂದೇ ಸರದಿ ಎನ್ನೋಣ. ಟ್ರೈ ಇಲ್ಲದೆ ಗತಿಯಿಲ್ಲ. ಸೂತ್ರಧಾರನ ಎದುರಿಗೆ ಎರಡು ದಾರಿಗಳಿವೆ. ಎಚ್ಚರಿಕೆಯ ದಾರಿಯಲ್ಲಿ ಚೆಂಡು ಕೈತಪ್ಪುವುದಿಲ್ಲ. ಆದರೆ ಟ್ರೈ ಆಗುವ ಸಂಭಾವ್ಯತೆ ಇಪ್ಪತ್ತರಲ್ಲಿ ಒಂದು. ಸಾಹಸದ ದಾರಿಯಲ್ಲಿ, ರಕ್ಷಕರ ತಲೆಯ ಮೇಲಿಂದ ಉದ್ದನೆಯ ಪಾಸು ಎಸೆದರೆ, ಸಂಭಾವ್ಯತೆ ಐದರಲ್ಲಿ ಒಂದು. ಪಾಸು ಎದುರಾಳಿಯ ಕೈಗೆ ಬಿದ್ದು ಅವರೇ ಇನ್ನೊಂದು ಟ್ರೈ ಗಳಿಸಿದರೂ 4 ಅಂಕಗಳ ಸೋಲು 8 ಅಥವಾ 10 ಅಂಕಗಳ ಸೋಲಾಗುತ್ತದೆ, ಅಷ್ಟೆ. ಸೋಲು ಸೋಲೇ. ಆದುದರಿಂದ ಸರಿಯಾದ ದಾರಿ ಎರಡನೆಯದು, ಎಚ್ಚರಿಕೆಗಿಂತ ನಾಲ್ಕು ಪಟ್ಟು ಉತ್ತಮ. ಆದರೂ ಆ ದಾರಿಯನ್ನು ಹಿಡಿದವನು ಐದರಲ್ಲಿ ನಾಲ್ಕು ಸಲ ವಿಫಲನಾಗಿ, ತಪ್ಪಿನ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುತ್ತಾನೆ. ಹೇಡಿಯ ದಾರಿಯನ್ನು ಹಿಡಿದವನು ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಸೋತರೂ ಅವನ ಹೆಸರಿನ ಮುಂದೆ ಒಂದು ತಪ್ಪೂ ಬೀಳುವುದಿಲ್ಲ. ಪಟ್ಟಿಯನ್ನೇ ನಂಬಿದರೆ ನಾವು ಹೇಡಿಯನ್ನು ಹೊಗಳಿ ವಿವೇಕಿಯನ್ನು ತೆಗಳುತ್ತೇವೆ.

ನಾಲ್ಕನೆಯದು: ನಿರ್ಧಾರ ಬೇರೆ, ಪರಿಣಾಮ ಬೇರೆ

ಇಲ್ಲಿಗೆ ನಾವು ವಿಷಯದ ಹೃದಯಕ್ಕೆ ಬಂದೆವು. ಒಂದು ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು, ನಿರ್ಧರಿಸಿದ ಕ್ಷಣದಲ್ಲಿ ಅವನಿಗೆ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕೇ ಹೊರತು ಅನಂತರ ಆದದ್ದರಿಂದಲ್ಲ. ಮಾತು ಸರಳ, ಆಚರಣೆ ಕಷ್ಟ. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವೈದ್ಯರ ಚಿಕಿತ್ಸೆಯೇ ಮೊದಲಾದ ನಿರ್ಧಾರಗಳನ್ನು ಜನರ ಮುಂದಿಟ್ಟು ಬೆಲೆ ಕಟ್ಟಲು ಹೇಳಿದರು. ನಿರ್ಧಾರ ಅದೇ, ತಿಳಿದಿದ್ದ ಸಂಗತಿಗಳೂ ಅವೇ. ಪರಿಣಾಮ ಒಳ್ಳೆಯದಾಯಿತೆಂದು ಹೇಳಿದಾಗ ಜನ ನಿರ್ಧಾರವನ್ನು ಹೆಚ್ಚು ಮೆಚ್ಚಿದರು. ಕೆಟ್ಟದ್ದಾಯಿತೆಂದಾಗ ಕಡಿಮೆ ಮೆಚ್ಚಿದರು.

ಈ ತತ್ತ್ವಕ್ಕೆ ರಗ್ಬಿ ಲೀಗಿನ ಚರಿತ್ರೆಯಲ್ಲೇ ಮರೆಯಲಾಗದ ನಿದರ್ಶನವಿದೆ. 2019ರ ಅಕ್ಟೋಬರ್ 6ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ರಗ್ಬಿ ಲೀಗಿನ ಫೈನಲ್ ಪಂದ್ಯ. ಒಂದು ಕಡೆ ಸಿಡ್ನಿ ರೂಸ್ಟರ್ಸ್, ಇನ್ನೊಂದು ಕಡೆ ಕ್ಯಾನ್‌ಬೆರಾ ರೇಡರ್ಸ್. ಪ್ರೇಕ್ಷಕರು ಎಂಬತ್ತು ಸಾವಿರಕ್ಕೂ ಮಿಕ್ಕಿದ್ದರು. ಕ್ಯಾನ್‌ಬೆರಾದ ಫೈವ್-ಎಯ್ತ್ ಜ್ಯಾಕ್ ವೈಟನ್. ಆ ತಂಡದ ಒಂದೇ ಒಂದು ಟ್ರೈಯನ್ನು ಗಳಿಸಿದವರೂ ಅವರೇ. ಪಂದ್ಯ ಮುಗಿಯಲು ಹತ್ತು ನಿಮಿಷಗಳೂ ಉಳಿಯದಿದ್ದಾಗ ಅಂಕ 8-8. ಕ್ಯಾನ್‌ಬೆರಾ ತಂಡ ಎದುರಾಳಿಯ ಗೆರೆಯ ಸಮೀಪದಲ್ಲಿ ದಾಳಿ ನಡೆಸಿತ್ತು. ಚೆಂಡು ಮೇಲಕ್ಕೆ ಹೋಗಿ ಕೆಳಗಿಳಿದು ಕೈಗಳ ಗೊಂದಲದಲ್ಲಿ ಸಿಕ್ಕಿ ಮತ್ತೆ ಕ್ಯಾನ್‌ಬೆರಾದವರಿಗೇ ದೊರೆಯಿತು. ರೆಫರಿ ಕೈಯೆತ್ತಿ, ಮತ್ತೆ ಆರು ಟ್ಯಾಕಲ್‌ಗಳು ಎಂಬ ಸನ್ನೆ ಮಾಡಿದರು. ಮರುಕ್ಷಣವೇ ಆ ನಿರ್ಣಯವನ್ನು ಬದಲಿಸಿ, ಇದು ಕೊನೆಯ ಟ್ಯಾಕಲ್ ಎಂದು ಕೂಗಿದರು. ಚೆಂಡು ವೈಟನ್ ಅವರಿಗೆ ಬಂದಿತು. ಅವರು ಒದೆಯಲಿಲ್ಲ, ಚೆಂಡನ್ನು ಹಿಡಿದು ಎದುರಾಳಿಗಳ ಟ್ಯಾಕಲಿಗೆ ಒಳಗಾದರು. ಚೆಂಡು ರೂಸ್ಟರ್ಸಿನ ಪಾಲಾಯಿತು. ಸ್ವಲ್ಪ ಹೊತ್ತಿನಲ್ಲೇ ರೂಸ್ಟರ್ಸಿನ ಜೇಮ್ಸ್ ಟೆಡೆಸ್ಕೊ ಟ್ರೈ ಗಳಿಸಿದರು. ಕೊನೆಯ ಅಂಕ 14-8.

ಬರಿಯ ಪರಿಣಾಮವನ್ನು ನೋಡಿದವನು ಏನೆನ್ನುತ್ತಾನೆ? ಕೊನೆಯ ಟ್ಯಾಕಲಿನಲ್ಲಿ ಚೆಂಡನ್ನು ಒದೆಯದೆ ಸುಮ್ಮನೆ ಎದುರಾಳಿಗೆ ಒಪ್ಪಿಸಿದ ಸೂತ್ರಧಾರ, ಅದರಿಂದಲೇ ಸೋಲು, ಎಂದು. ನಿಯಮದಂತೆ ನೋಡಿದರೆ ಬದಲಾದ ನಿರ್ಣಯವೇ ಸರಿ. ತಪ್ಪಾದದ್ದು ಮೊದಲ ಸನ್ನೆ. ಆದರೆ ನಮಗೆ ಬೇಕಾದ ಪ್ರಶ್ನೆ ಅದಲ್ಲ. ಮೊದಲ ಸನ್ನೆಯನ್ನು ಕಂಡು, ಬದಲಾದ ಕೂಗು ಆ ಗದ್ದಲದಲ್ಲಿ ಕಿವಿಗೆ ಬೀಳದಿದ್ದವನ ಪಾಲಿಗೆ ಯಾವುದು ವಿವೇಕ? ಇನ್ನೂ ಆರು ಅವಕಾಶಗಳಿವೆಯೆಂದು ತಿಳಿದವನು ಚೆಂಡನ್ನು ಭದ್ರವಾಗಿ ಹಿಡಿದು ಬೀಳುವುದೇ ವಿವೇಕ. ಅವಸರದಲ್ಲಿ ಒದೆಯುವುದೇ ಅವಿವೇಕ. ನಿಲುಗಡಿಯಾರ ತಪ್ಪು ತೋರಿಸಿದರೆ ಎಣಿಸಿದವನನ್ನು ದೂರುವುದು ಹೇಗೆ?

ಆ ಫೈನಲಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕ ಅಂದು ಸೋತ ತಂಡದ ವೈಟನ್ ಅವರಿಗೇ ಸಂದಿತು. 2013ರಲ್ಲಿಯೂ ಹೀಗಾಗಿತ್ತು. ಆ ವರ್ಷ ಮ್ಯಾನ್ಲಿ ತಂಡ ರೂಸ್ಟರ್ಸಿಗೆ 26-18ರಲ್ಲಿ ಸೋತಾಗ, ಪದಕ ಮ್ಯಾನ್ಲಿಯ ಹಾಫ್‌ಬ್ಯಾಕ್ ಡಾಲಿ ಚೆರಿ-ಇವಾನ್ಸ್ ಅವರ ಕೊರಳಿಗೆ ಬಿದ್ದಿತು. ಸೋಲನ್ನೂ ಸೋತವನ ಆಟವನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು ಸಾಧ್ಯವೆಂಬುದಕ್ಕೆ ಇವು ಸಾಕ್ಷಿ. ಆದರೆ ಇಂತಹ ಪ್ರಸಂಗಗಳು ವಿರಳ. ಫೈನಲಿನ ಪದಕ ಹೆಚ್ಚಾಗಿ ಹೋಗುವುದು ಗೆದ್ದವರ ಕಡೆಗೇ.

ಗೆಲುವಿನಲ್ಲಿಯೂ ಇದೇ ಅಳತೆಗೋಲು

ನ್ಯಾಯವೆಂದರೆ ಕನಿಕರವಲ್ಲ. ಸೋತವನಿಗೆ ಸಮಾಧಾನ ಹೇಳುವುದು ನಮ್ಮ ಉದ್ದೇಶವಲ್ಲ. ಅವನ ನಿಜವಾದ ತಪ್ಪುಗಳನ್ನು ಕಂಡುಹಿಡಿಯುವುದೂ ನ್ಯಾಯದ ಭಾಗವೇ. ಕಾಲಾವಕಾಶವಿದ್ದೂ ತೆರೆದ ಅಂಚನ್ನು ನೋಡದೆ ಹೋದರೆ, ಮುಂದಿದ್ದ ತಂಡ ಅಪಾಯಕ್ಕೆ ಕೈಹಾಕಿದರೆ, ಹಿಡಿಯಬೇಕಾದ ಎದುರಾಳಿಯನ್ನು ಬಿಟ್ಟರೆ, ಅವು ತಪ್ಪುಗಳೇ. ಅವು ಪಂದ್ಯ ಗೆದ್ದಮಾತ್ರಕ್ಕೆ ಒಳ್ಳೆಯ ಆಟವಾಗಿ ಮಾರ್ಪಡುವುದಿಲ್ಲ.

2023ರ ಫೈನಲನ್ನು ನೋಡಿ. ಬ್ರಿಸ್ಬೇನ್ ತಂಡದ ಫೈವ್-ಎಯ್ತ್ ಎಜ್ರಾ ಮ್ಯಾಮ್ ದ್ವಿತೀಯಾರ್ಧದಲ್ಲಿ ಮೂರು ಟ್ರೈಗಳನ್ನು ಗಳಿಸಿದರು; ತಂಡ 24-8ರಿಂದ ಮುಂದಿತ್ತು. ಅನಂತರ ಪೆನ್ರಿತ್ ತಂಡದ ಹಾಫ್‌ಬ್ಯಾಕ್ ನೇತನ್ ಕ್ಲಿಯರಿ ಆಟವನ್ನು ತಿರುಗಿಸಿ, ಕೊನೆಯ ಟ್ರೈಯನ್ನು ತಾವೇ ಗಳಿಸಿ, ಗೋಲನ್ನೂ ಒದೆದರು. ಪೆನ್ರಿತ್ 26-24ರಲ್ಲಿ ಗೆದ್ದಿತು. ಕ್ಲಿಯರಿಯವರಿಗೆ ಪದಕ ಸಂದದ್ದು ಯೋಗ್ಯವೇ. ಆದರೆ ಆ ಕೊನೆಯ ಗೋಲು ಕಂಬಕ್ಕೆ ತಗಲಿ ಹೊರಕ್ಕೆ ಪುಟಿದು, ಅಂಕ 24-24ರಲ್ಲಿ ನಿಂತು, ಹೆಚ್ಚಿನ ಅವಧಿಯಲ್ಲಿ ಬ್ರಿಸ್ಬೇನ್ ಗೆದ್ದಿದ್ದರೆ? ಅದಕ್ಕೆ ಮೊದಲಿನ ನಿಮಿಷಗಳಲ್ಲಿ ಇಬ್ಬರೂ ಆಡಿದ ಆಟ ಒಂದು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ನಮ್ಮ ತೀರ್ಪು ಮಾತ್ರ ತಲೆಕೆಳಗಾಗುತ್ತಿತ್ತು. ಅಳೆದ ವಸ್ತು ಬದಲಾಗದೆ ಅಳತೆ ಬದಲಾದರೆ ದೋಷ ಅಳತೆಗೋಲಿನದು.

ಅಳೆಯುವ ಕ್ರಮ

ಇಷ್ಟು ವಿಚಾರಿಸಿದ ಮೇಲೆ ಒಂದು ಕ್ರಮವನ್ನು ಸೂಚಿಸಬಹುದು. ಪಂದ್ಯದ ಚಿತ್ರವನ್ನು ಮತ್ತೆ ನೋಡುವಾಗ ಅಂಕಗಳು ಕಾಣುವ ಮೂಲೆಯನ್ನು ಕಾಗದದಿಂದ ಮುಚ್ಚಿರಿ. ಆಗಿನ ಅಂಕ ಮತ್ತು ಉಳಿದ ಕಾಲವನ್ನು ಗೆಳೆಯನೊಬ್ಬ ಬೇಕಾದಾಗ ಮಾತ್ರ ಹೇಳಲಿ. ಸೂತ್ರಧಾರನ ಕೈಗೆ ಚೆಂಡು ಬಂದೊಡನೆ ಚಿತ್ರವನ್ನು ನಿಲ್ಲಿಸಿ, ಅವನಿಗೆ ಎಷ್ಟು ಕಾಲವಿದೆ, ಯಾವ ಯಾವ ದಾರಿಗಳಿವೆ, ಯಾವುದು ಉತ್ತಮ ಎಂದು ಬರೆದಿಡಿ. ಆಮೇಲೆ ಚಿತ್ರವನ್ನು ಬಿಡಿ. ಅವನು ಆರಿಸಿದ ದಾರಿಗೆ ಒಂದು ಅಂಕ, ಅದನ್ನು ನೆರವೇರಿಸಿದ ಕೌಶಲಕ್ಕೆ ಇನ್ನೊಂದು ಅಂಕ ಕೊಡಿ. ಪಾಸನ್ನು ಹಿಡಿದವನು ಕೈಬಿಟ್ಟರೆ ಅದನ್ನು ಅವನ ಲೆಕ್ಕಕ್ಕೆ ಬರೆಯಿರಿ. ಸಾಧ್ಯವಾದರೆ ಇಬ್ಬರು ಬೇರೆ ಬೇರೆ ಕುಳಿತು ಈ ಕೆಲಸವನ್ನು ಮಾಡಿ ಕೊನೆಗೆ ಹೋಲಿಸಿ ನೋಡಿ. ಇಬ್ಬರ ಅಂಕಗಳಿಗೆ ಇರುವ ಅಂತರವೇ ನಿಮ್ಮ ಅಳತೆಯ ದೋಷದ ಅಂದಾಜು. ಒಂದು ಪಂದ್ಯದಿಂದ ತೃಪ್ತರಾಗದೆ ಹತ್ತಾರು ಪಂದ್ಯಗಳ ಸರಾಸರಿಯನ್ನು ತೆಗೆಯಿರಿ. ಲೋಲಕದ ಒಂದು ಆಂದೋಲನವನ್ನಳೆಯದೆ ಇಪ್ಪತ್ತನ್ನು ಅಳೆಯುವುದೂ ಇದೇ ಕಾರಣದಿಂದಲ್ಲವೆ?

ಈ ಕ್ರಮದಿಂದ ಪರಿಪೂರ್ಣ ನ್ಯಾಯ ದೊರೆಯುತ್ತದೆಂದು ನಾನು ಹೇಳಲಾರೆ. ಚೆಂಡು ಬರುವ ಮುಂಚೆ ಅವನು ಜೊತೆಗಾರರಿಗೆ ಕೂಗಿ ಹೇಳಿದ್ದು, ಬಿದ್ದವನನ್ನು ಎತ್ತಿ ನಿಲ್ಲಿಸಿದ್ದು, ನೋವನ್ನು ನುಂಗಿಕೊಂಡು ಆಡಿದ್ದು, ಇವು ಯಾವ ಪಟ್ಟಿಗೂ ಸಿಕ್ಕುವುದಿಲ್ಲ. 2018ರ ಫೈನಲಿನಲ್ಲಿ ರೂಸ್ಟರ್ಸಿನ ಹಾಫ್‌ಬ್ಯಾಕ್ ಕೂಪರ್ ಕ್ರಾಂಕ್ ಮುರಿದ ಹೆಗಲೆಲುಬಿನೊಡನೆ ಅಂಗಳಕ್ಕಿಳಿದು, ತಾವು ಹೆಚ್ಚು ಚೆಂಡನ್ನು ಮುಟ್ಟದೆ, ಜೊತೆಗಾರರಿಗೆ ದಾರಿ ತೋರಿಸುತ್ತ ಆಡಿದರು. ತಂಡ ಮೆಲ್ಬರ್ನನ್ನು 21-6ರಲ್ಲಿ ಸೋಲಿಸಿತು. ಅಂಕಿಸಂಖ್ಯೆಗಳಷ್ಟನ್ನೇ ನೋಡಿದವನಿಗೆ ಅಂದು ಆ ಅಂಗಳದಲ್ಲಿ ಕ್ರಾಂಕ್ ಇದ್ದುದೇ ತಿಳಿಯದೆ ಹೋಗಬಹುದು. ಅಳತೆಯ ಮಿತಿಯನ್ನು ಅರಿಯುವುದು ಅಳತೆಯ ಮೊದಲ ಪಾಠ.

ಆ ಹುಡುಗನ ಪುಸ್ತಕವನ್ನು ಮರಳಿ ತರಿಸಿ ಅಂಕಗಳನ್ನು ತಿದ್ದಿದೆನು. ಅವನಿಗೆ ಸಂತೋಷವಾಯಿತು, ಆದರೆ ಅವನು ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ: "ಸರ್, ಅದೇ ಗಡಿಯಾರ ಎರಡನೆಯ ಸಲ ಯಾರ ಕೈಗೂ ಹೋಗದಿದ್ದರೆ?" ನನ್ನ ಬಳಿ ಉತ್ತರವಿರಲಿಲ್ಲ. ತೀರ್ಪು ಕೊಡುವ ಮುನ್ನ ಗಡಿಯಾರವನ್ನು ಪರೀಕ್ಷಿಸಬೇಕಾದವನು ನಾನು. ಈಗ ಪ್ರತಿ ವರ್ಷವೂ ಪ್ರಯೋಗಗಳು ಆರಂಭವಾಗುವ ಮೊದಲು ಎಲ್ಲ ನಿಲುಗಡಿಯಾರಗಳನ್ನೂ ಸಾಲಾಗಿಟ್ಟು ಒಟ್ಟಿಗೆ ನಡೆಸಿ ನೋಡುತ್ತೇನೆ.

ಅಭ್ಯಾಸ

1. ಒಬ್ಬ ಆಟಗಾರ ಗೋಲಿಗೆ ಒದೆಯುವಾಗ ನೂರಕ್ಕೆ ಎಪ್ಪತ್ತೈದು ಸಲ ಸಫಲನಾಗುತ್ತಾನೆ. ನಾಲ್ಕು ಅವಕಾಶಗಳಲ್ಲಿ ನಾಲ್ಕೂ ಗೋಲಾಗುವ ಸಂಭಾವ್ಯತೆ ಎಷ್ಟು?

2. ಲಂಬ ದಿಕ್ಕಿನಲ್ಲಿ ಸೆಕೆಂಡಿಗೆ 18 ಮೀಟರ್ ವೇಗ ಪಡೆದ ಚೆಂಡು ಎಷ್ಟು ಕಾಲ ಗಾಳಿಯಲ್ಲಿರುತ್ತದೆ? ಸೆಕೆಂಡಿಗೆ 7 ಮೀಟರ್ ಓಡುವವನು ಅಷ್ಟರಲ್ಲಿ ಎಷ್ಟು ದೂರ ಹೋಗುತ್ತಾನೆ? ಗಾಳಿಯ ತಡೆಯನ್ನು ಗಣನೆಗೆ ತರಬೇಡಿ.

3. ನಿಮ್ಮ ಕಾಲೇಜಿನ ಕಬಡ್ಡಿ ಅಥವಾ ಕ್ರಿಕೆಟ್ ತಂಡ ಸೋತ ಒಂದು ಪಂದ್ಯವನ್ನು ನೆನೆದುಕೊಳ್ಳಿ. ನಾಯಕನ ಮೂರು ನಿರ್ಧಾರಗಳನ್ನು ಬರೆದು, ಆ ಕ್ಷಣದಲ್ಲಿ ಅವನಿಗೆ ತಿಳಿದಿದ್ದುದು ಒಂದು ಸಾಲಿನಲ್ಲಿ, ಅನಂತರ ತಿಳಿದುಬಂದದ್ದು ಇನ್ನೊಂದು ಸಾಲಿನಲ್ಲಿ ಇರುವಂತೆ ಪಟ್ಟಿ ಮಾಡಿ. ಎರಡನೆಯ ಸಾಲನ್ನು ಮುಚ್ಚಿ ತೀರ್ಪು ಕೊಡಿ.

ಉತ್ತರಗಳು: 1. ಸುಮಾರು 0.32. 2. ಸುಮಾರು 3.7 ಸೆಕೆಂಡು; ಸುಮಾರು 26 ಮೀಟರ್. 3. ಇದರ ಉತ್ತರ ನಿಮ್ಮಲ್ಲಿಯೇ ಇದೆ.